ಮಾವ ಹೇಳಿದ ಹುಲಿ, ಪುಸ್ತಕ ಹೇಳಿದ ಮಿಡತೆ

ಮೊದಲ ಸಲ ಒಬ್ಬರು ನನ್ನನ್ನು ಮಿಡತೆ ಎಂದು ಕರೆದಾಗ ನನಗೆ 26 ವರ್ಷ. ಅದು 1999, ನ್ಯೂಜೆರ್ಸಿಯ ಒಂದು ಆಫೀಸು. ನಾನು ಅಲ್ಲಿಗೆ ಹೋಗಿ ಎರಡು ತಿಂಗಳಾಗಿತ್ತಷ್ಟೆ. ಶುಕ್ರವಾರ ಸಂಜೆ ಒಂದು ಪ್ರೋಗ್ರಾಮನ್ನು ಸರಿಯಾಗಿ ಟೆಸ್ಟ್ ಮಾಡದೆ ಮುಂದೆ ತಳ್ಳಿ ಮನೆಗೆ ಹೋಗಿದ್ದೆ. ಸೋಮವಾರ ಬರುವ ಹೊತ್ತಿಗೆ ಎಲ್ಲಾ ಕಟ್ಟಿಕೊಂಡು ನಿಂತಿತ್ತು. ಪಕ್ಕದ ಮೇಜಿನ ಹಿರಿಯರೊಬ್ಬರು, ನಲವತ್ತು ದಾಟಿದವರು, ಕುರ್ಚಿ ಎಳೆದುಕೊಂಡು ಬಂದು ಕೂತರು. ಬೈಯಲಿಲ್ಲ. ಒಂದು ಗಂಟೆ ಹುಡುಕಿ ತಪ್ಪು ಎಲ್ಲಿದೆ ಅಂತ ತೋರಿಸಿದರು. ಎದ್ದು ಹೋಗುವಾಗ ಕಣ್ಣು ಅರ್ಧ ಮುಚ್ಚಿ, ದನಿ ತಗ್ಗಿಸಿ, ‘ಪೇಶನ್ಸ್, ಗ್ರಾಸ್‌ಹಾಪರ್’ ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೊಸ ಊರಲ್ಲಿ ಎಲ್ಲರೂ ನಕ್ಕಾಗ ನಗುವುದು ಒಳ್ಳೆಯದು ಅನ್ನುವಷ್ಟು ಆಗಲೇ ಕಲಿತಿದ್ದೆ.

ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಅದೇ ಕೊರೆಯತೊಡಗಿತು. ಮಿಡತೆ ಯಾಕೆ? ನಮ್ಮ ತರೀಕೆರೆ ಕಡೆ ಮಿಡತೆ ಅಂದರೆ ಪೈರು ತಿನ್ನುವ ಹುಳ. ಮಕ್ಕಳು ಹಿಡಿದು ಬೆಂಕಿಪೊಟ್ಟಣದಲ್ಲಿ ಹಾಕುವ ಪ್ರಾಣಿ. ಯಾರನ್ನಾದರೂ ಮಿಡತೆ ಅಂದರೆ ಸಣಕಲ, ನೆಟ್ಟಗೆ ನಿಲ್ಲದವನು ಅಂತಲೇ ಅರ್ಥ ಬರುತ್ತದೆ. ಆಗ ನಾನು ಸಣಕಲನೇ ಆಗಿದ್ದೆ. ಕಾಲು ಉದ್ದ. ಹಾಗಾಗಿ ಕಾಲಿನ ವಿಷಯ ಇರಬೇಕು ಅಂದುಕೊಂಡು ಒಂದು ವಾರ ಸಡಿಲ ಪ್ಯಾಂಟು ಹಾಕಿಕೊಂಡು ಹೋದೆ. ಕೊನೆಗೆ ತಡೆಯಲಾರದೆ ಇನ್ನೊಬ್ಬರನ್ನು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಅದು ಬೈಗುಳ ಅಲ್ಲ, ಟಿವಿ ಅಂದರು. ಅವರು ಚಿಕ್ಕವರಿದ್ದಾಗ ‘ಕುಂಗ್ ಫೂ’ ಅಂತ ಒಂದು ಧಾರಾವಾಹಿ ಬರುತ್ತಿತ್ತಂತೆ. ಅದರಲ್ಲಿ ಕಣ್ಣಿಲ್ಲದ ಮುದಿ ಗುರು ತನ್ನ ಪುಟ್ಟ ಶಿಷ್ಯನನ್ನು ಮಿಡತೆ ಎಂದು ಕರೆಯುತ್ತಾನಂತೆ. ಹಾಗಾದರೆ ಅದು ಪ್ರೀತಿಯ ಹೆಸರು. ನಾನು ಒಂದು ವಾರ ಪ್ಯಾಂಟು ಬದಲಿಸಿದ್ದು ಸುಮ್ನೆ.

ಆ ಧಾರಾವಾಹಿ ನೋಡಬೇಕು ಅನಿಸಿತು. ನೋಡುವುದು ಹೇಗೆ? ನನ್ನ ಬಾಡಿಗೆ ಕೋಣೆಯ ಟಿವಿಯಲ್ಲಿ ಬರುತ್ತಿದ್ದದ್ದು ನಾಲ್ಕು ಚಾನೆಲ್ಲು. ಬೇಕಾದಾಗ ಬೇಕಾದದ್ದನ್ನು ಹುಡುಕಿ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಕೆಲವು ತಿಂಗಳ ಮೇಲೆ ಊರಿನ ಲೈಬ್ರರಿಯವರು ಹಳೆ ಪುಸ್ತಕಗಳನ್ನು ಮಾರಲು ಇಟ್ಟಿದ್ದರು. ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆಗಳು. ಯಾವುದು ತೆಗೆದುಕೊಂಡರೂ 50 ಸೆಂಟು. ಅಡುಗೆ ಪುಸ್ತಕಗಳ ನಡುವೆ ಸಿಕ್ಕಿಕೊಂಡಿತ್ತು ಅದು: ‘ದಿ ಕುಂಗ್ ಫೂ ಬುಕ್ ಆಫ್ ಕೇನ್’. ಬರೆದವರು ಹರ್ಬಿ ಜೆ. ಪಿಲಾಟೊ, ಅಚ್ಚಾದದ್ದು 1993. ಧಾರಾವಾಹಿಯ ಜೊತೆಗೆ ಓದಿಕೊಳ್ಳುವ ಕೈಪಿಡಿ. ಒಂದೊಂದು ಕಂತಿನ ಕಥೆ, ಯಾರು ಬರೆದದ್ದು, ಯಾರು ನಟಿಸಿದ್ದು, ತೆರೆಯ ಹಿಂದೆ ಏನಾಯಿತು, ಎಲ್ಲಾ ಇತ್ತು. ಧಾರಾವಾಹಿ ಒಂದು ನಿಮಿಷವೂ ನೋಡದ ನಾನು ಆ ಪುಸ್ತಕವನ್ನು ಮುಂದಿನ ನಾಲ್ಕೈದು ವರ್ಷಗಳಲ್ಲಿ ಮೂರು ಸಲ ಓದಿದೆ. ಅದು ವಿಚಿತ್ರ ಅಂತ ಬೇರೆಯವರು ಹೇಳಿದ ಮೇಲೇ ನನಗೆ ಹೊಳೆದದ್ದು. ಯಾಕೆಂದರೆ ನಮ್ಮ ಮನೆಯಲ್ಲಿ ಸಿನಿಮಾ ನೋಡುವ ಪದ್ಧತಿಯೇ ಅದಾಗಿತ್ತು.

ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ

ಟಾಕೀಸಿನ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ತೆಳ್ಳನೆಯ ಬಣ್ಣದ ಕಾಗದ, ಎರಡು ಪಿನ್ನು. ಮೊದಲ ಪುಟದಲ್ಲಿ ತಾರಾಗಣ, ಆಮೇಲೆ ಕಥಾಸಾರ. ಕಥೆ ಸರಿಯಾಗಿ ಕಟ್ಟಿಕೊಳ್ಳುವ ಹೊತ್ತಿಗೆ, ನಾಯಕಿಯನ್ನು ಯಾರೋ ಹೊತ್ತುಕೊಂಡು ಹೋಗುವಲ್ಲಿ, ‘ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಅಂತ ಮುಗಿದುಬಿಡುತ್ತಿತ್ತು. ನಮ್ಮ ಮನೆಯಲ್ಲಿ ಸಿನಿಮಾಕ್ಕಿಂತ ಹಾಡಿನ ಪುಸ್ತಕಗಳೇ ಜಾಸ್ತಿ. ಅಕ್ಕ ಅವನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ಮುಂದೇನಾಯಿತು ಅನ್ನುವುದನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಎಷ್ಟೋ ಸಿನಿಮಾಗಳಿಗೆ ಅಕ್ಕ ಮಾಡಿದ ಕೊನೆಯೇ ನನಗೆ ಇವತ್ತಿಗೂ ಕೊನೆ.

ಅದಕ್ಕಿಂತ ದೊಡ್ಡ ಕೈಪಿಡಿ ನಮ್ಮ ಸಣ್ಣಮಾವ. ಅಮ್ಮನ ತಮ್ಮ. ನಾನು ಮೂರನೇ ಕ್ಲಾಸೋ ನಾಲ್ಕನೆಯದೋ ಇದ್ದಾಗ ಶಿವಮೊಗ್ಗಕ್ಕೆ ಹೋಗಿ ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ನೋಡಿಕೊಂಡು ಬಂದ. ಅದು 1973ರ ಸಿನಿಮಾ, ಆದರೆ ಒಂದು ಪ್ರಿಂಟು ಊರೂರು ತಿರುಗಿ ವರ್ಷಗಟ್ಟಲೆ ಓಡುತ್ತಿದ್ದ ಕಾಲ ಅದು. ಅವತ್ತು ರಾತ್ರಿ ಕರೆಂಟು ಇರಲಿಲ್ಲ. ಜಗಲಿಯ ಮೇಲೆ ಒಂದು ಲಾಟೀನು. ನಾವು ಏಳೆಂಟು ಮಕ್ಕಳು, ಹಿಂದೆ ಅಡಿಕೆ ಸುಲಿಯುತ್ತಾ ಕೂತ ಹೆಂಗಸರು. ಮಾವ ಪಂಚೆ ಎತ್ತಿಕಟ್ಟಿ ಶುರು ಮಾಡಿದ. ಬ್ರೂಸ್ ಲೀ ದ್ವೀಪಕ್ಕೆ ದೋಣಿಯಲ್ಲಿ ಹೋದದ್ದು, ಕಳ್ಳದಾರಿಯಲ್ಲಿ ಇಳಿದದ್ದು, ಮೂವತ್ತು ಜನರನ್ನು ಒಬ್ಬನೇ ಹೊಡೆದದ್ದು. ಪ್ರತಿ ಏಟಿಗೂ ಬಾಯಲ್ಲಿ ಸದ್ದು. ಕೊನೆಗೆ ಕನ್ನಡಿಗಳ ಕೋಣೆ. ಅದನ್ನು ತೋರಿಸಲು ಅಜ್ಜಿಯ ಕೈಗನ್ನಡಿ ತರಿಸಿದ. ಲಾಟೀನಿನ ಬೆಳಕು ಅದರಲ್ಲಿ ಬಿದ್ದು ಗೋಡೆಯ ಮೇಲೆ ಓಡಿತು. ನಾನು ಮಧ್ಯೆ ಬಾಯಿ ಹಾಕಿ, ‘ಮಾವ, ಆ ಕೈಯಲ್ಲಿ ಉಗುರು ಇರೋ ವಿಲನ್ ಸತ್ನಾ?’ ಅಂದೆ. ‘ಏ ಸುಮ್ನೆ ಕೂತ್ಕೊಳೋ, ಇನ್ನೂ ಹುಲಿ ಬಂದಿಲ್ಲ’ ಅಂದ. ಆಮೇಲೆ ಹುಲಿ ಬಂತು. ಬ್ರೂಸ್ ಲೀ ಬರಿಗೈಯಲ್ಲಿ ಹುಲಿಯ ಜೊತೆ ಹೊಡೆದಾಡಿದ. ಹುಲಿ ಸಾಯಲಿಲ್ಲ. ಇಬ್ಬರೂ ಸುಸ್ತಾಗಿ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಹುಲಿ ಒಂದು ಸಲ ತಲೆ ಬಗ್ಗಿಸಿ ಕಾಡಿಗೆ ಹೋಯಿತು. ಅಡಿಕೆ ಸುಲಿಯುವ ಕತ್ತಿಗಳ ಸದ್ದೂ ನಿಂತಿತ್ತು.

ಕಾಲೇಜಿಗೆ ಬಂದ ಮೇಲೆ ವಿಡಿಯೊ ಪಾರ್ಲರಿನಲ್ಲಿ ಆ ಸಿನಿಮಾ ನೋಡಿದೆ. ಹುಲಿ ಇಲ್ಲವೇ ಇಲ್ಲ! ಕನ್ನಡಿಯ ಕೋಣೆ ಆದ ಮೇಲೂ ಹುಲಿಗಾಗಿ ಕಾಯುತ್ತಾ ಹೆಸರುಗಳು ಹರಿದುಹೋಗುವ ತನಕ ಕೂತಿದ್ದೆ. ಮಾವನಿಗೆ ಅದನ್ನು ಯಾವತ್ತೂ ಹೇಳಲಿಲ್ಲ.

ಪುಸ್ತಕದೊಳಗಿನ ಧಾರಾವಾಹಿ

ಈಗ ಕೈಪಿಡಿಗೆ ಬರುತ್ತೇನೆ. ‘ಕುಂಗ್ ಫೂ’ ಮೊದಲು ಬಂದದ್ದು ಒಂದು ಟಿವಿ ಸಿನಿಮಾ ಆಗಿ, 1972ರ ಫೆಬ್ರವರಿ 22ರಂದು, ಎಬಿಸಿ ಚಾನೆಲ್ಲಿನಲ್ಲಿ. ಆ ವಾರ ಇನ್ನೊಂದು ದೊಡ್ಡ ಸುದ್ದಿ ಇತ್ತು. ಅಧ್ಯಕ್ಷ ನಿಕ್ಸನ್ ಹಿಂದಿನ ದಿನವಷ್ಟೇ ಬೀಜಿಂಗಿನಲ್ಲಿ ಇಳಿದಿದ್ದರು. ಇಪ್ಪತ್ತು ವರ್ಷ ಮಾತೇ ಬಿಟ್ಟಿದ್ದ ದೇಶಕ್ಕೆ ಅಮೆರಿಕದ ಅಧ್ಯಕ್ಷರು ಹೋದ ವಾರವೇ ಅಮೆರಿಕದ ಮನೆಮನೆಯೊಳಗೆ ಶಾವೊಲಿನ್ ಮಠದ ಬೋಳುತಲೆಯ ಭಿಕ್ಷು ಬಂದ. ಯಾರೂ ಹೀಗೆ ಅಂತ ಲೆಕ್ಕ ಹಾಕಿ ಇಟ್ಟಿರಲಿಕ್ಕಿಲ್ಲ. ಆದರೂ ಎರಡು ಸುದ್ದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಜಾ ಇದೆ. ಆ ಅಕ್ಟೋಬರಿನಿಂದ ಧಾರಾವಾಹಿ ಶುರುವಾಗಿ 1975ರ ತನಕ ಓಡಿತು. ಮೂರು ಸೀಸನ್, 60ಕ್ಕೂ ಜಾಸ್ತಿ ಕಂತು.

ಕಥೆ ಸರಳ. ಅಪ್ಪ ಅಮೆರಿಕದವನು, ಅಮ್ಮ ಚೀನಾದವಳು. ಇಬ್ಬರೂ ತೀರಿಕೊಂಡ ಮೇಲೆ ಕ್ವಾಯ್ ಚಾಂಗ್ ಕೇನ್ ಎಂಬ ಹುಡುಗ ಶಾವೊಲಿನ್ ಮಠ ಸೇರುತ್ತಾನೆ. ದೊಡ್ಡವನಾಗಿ ಹೊರಬಂದ ಮೇಲೆ ಒಂದು ದಿನ ಅವನ ಗುರು ಮಾಸ್ಟರ್ ಪೋ ಅವರನ್ನು ಚಕ್ರವರ್ತಿಯ ಸೋದರಳಿಯ ಕೊಲ್ಲುತ್ತಾನೆ. ಕೇನ್ ಅವನನ್ನು ಕೊಲ್ಲುತ್ತಾನೆ. ತಲೆಯ ಮೇಲೆ ಬಹುಮಾನ ಹೊತ್ತುಕೊಂಡು ಅಮೆರಿಕಕ್ಕೆ ಓಡುತ್ತಾನೆ. ಅಲ್ಲಿ ರೈಲು ಹಳಿ ಹಾಕುವ ಚೀನೀ ಕೂಲಿಗಳ ನಡುವೆ ಕೆಲಸಕ್ಕೆ ಸೇರುತ್ತಾನೆ. ಆಮೇಲೆ ಮಲಸಹೋದರ ಡ್ಯಾನಿಯನ್ನು ಹುಡುಕುತ್ತಾ ಊರೂರು ನಡೆಯುತ್ತಾನೆ. ಕೌಬಾಯ್ ಕಥೆಯೇ, ಆದರೆ ನಾಯಕನ ಹತ್ತಿರ ಕುದುರೆಯೂ ಇಲ್ಲ, ಪಿಸ್ತೂಲೂ ಇಲ್ಲ. ಒಂದು ಚೀಲ, ಒಂದು ಕೊಳಲು. ಯಾರಾದರೂ ಕೆಣಕಿದರೆ ಮೊದಲು ಸುಮ್ಮನಿರುತ್ತಾನೆ, ಆಮೇಲೂ ಸುಮ್ಮನಿರುತ್ತಾನೆ, ತೀರಾ ಆಗದಿದ್ದಾಗ ಒಂದು ನಿಮಿಷ ಹೊಡೆಯುತ್ತಾನೆ. ಪ್ರತಿ ಕಷ್ಟದಲ್ಲೂ ಮಠದ ನೆನಪು ಬರುತ್ತದೆ. ಮೇಣದಬತ್ತಿಗಳು, ಪುಟ್ಟ ಹುಡುಗ, ಇಬ್ಬರು ಗುರುಗಳು, ಒಂದು ಪ್ರಶ್ನೆ. ಆ ಮಠವೋ, ಐದು ವರ್ಷ ಹಿಂದೆ ಕಿಂಗ್ ಆರ್ಥರ್ ಕಥೆಯ ‘ಕ್ಯಾಮೆಲಾಟ್’ ಸಿನಿಮಾಕ್ಕೆ ಕಟ್ಟಿದ್ದ ಕೋಟೆಯ ಸೆಟ್ಟು. ಅದಕ್ಕೇ ಚೀನಾದ ರೂಪ ಕೊಟ್ಟಿದ್ದರು. ಗುರುಗಳ ಬಾಯಿಂದ ಬರುವ ಮಾತುಗಳೋ, ಎಷ್ಟೋ ಸಲ ಲಾವೋತ್ಸುವಿನ ‘ತಾವೋ ತೆ ಚಿಂಗ್’ನಿಂದ ಬಂದದ್ದು. ಶಾವೊಲಿನ್ ಬೌದ್ಧರ ಮಠ, ಮಾತು ತಾವೋ ಪಂಥದ್ದು. ಶರಣರ ಮಠದಲ್ಲಿ ಕೂತು ದಾಸರ ಪದ ಹೇಳಿದ ಹಾಗೆ. ಕೇಳಲು ಚೆನ್ನಾಗಿಯೇ ಇರುತ್ತದೆ, ಬಿಡಿ.

(ಶಾವೊಲಿನ್ ಅಂದ ಕೂಡಲೇ ನಮ್ಮವರು ಯಾರಾದರೂ ಬೋಧಿಧರ್ಮನ ಹೆಸರು ಎತ್ತುತ್ತಾರೆ. ಕುಂಗ್ ಫೂ ಕಲಿಸಿದ್ದೇ ನಮ್ಮ ದಕ್ಷಿಣದವರು ಅಂತ ವಾಟ್ಸಾಪಿನಲ್ಲಿ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಆ ಮಠ ಕಟ್ಟಿದ್ದು 495ರಲ್ಲಿ, ಬೇರೊಬ್ಬ ಭಾರತೀಯ ಭಿಕ್ಷುವಿಗಾಗಿ. ಬೋಧಿಧರ್ಮ ಬಂದದ್ದು ಆಮೇಲೆ. ಅವನಿಗೂ ಹೊಡೆದಾಟಕ್ಕೂ ಗಂಟು ಹಾಕಿದ್ದು ಸುಮಾರು 1624ರ ಒಂದು ಪುಸ್ತಕ, ಅಂದರೆ ಸಾವಿರ ವರ್ಷ ಕಳೆದ ಮೇಲೆ. ಅಲ್ಲೂ ಒಬ್ಬ ಸಣ್ಣಮಾವ ಇದ್ದಿರಬೇಕು.)

ನನ್ನ ತಲೆಯೊಳಗಿನ ‘ಕುಂಗ್ ಫೂ’ ಬೇರೆಯೇ ಆಗಿತ್ತು. ಪುಸ್ತಕದ ನಾಲ್ಕು ಸಾಲಿನ ಕಥಾಸಾರ ಓದಿ ನಾನು ಇಡೀ ಕಂತು ಕಟ್ಟಿಕೊಳ್ಳುತ್ತಿದ್ದೆ. ಅಮೆರಿಕದ ಮರುಭೂಮಿ ನೋಡಿರಲಿಲ್ಲ, ಹಾಗಾಗಿ ಕೇನ್ ನಡೆಯುತ್ತಿದ್ದದ್ದು ಕಡೂರಿನ ಆಚೆಯ ಬಯಲಲ್ಲಿ. ಮಠದ ಬಾಗಿಲು ನಮ್ಮೂರ ಹಳೇ ದೇವಸ್ಥಾನದ್ದು. ಗುರುವಿನ ಅಂಗೈಯಿಂದ ಕಲ್ಲು ಕಿತ್ತುಕೊಳ್ಳುವ ಪರೀಕ್ಷೆ ಇದೆಯಲ್ಲ, ಅದು ನನ್ನ ತಲೆಯಲ್ಲಿ ನದಿಯ ದಡದಲ್ಲಿ ನಡೆಯುತ್ತಿತ್ತು. ಯಾಕೆ ಅಂದರೆ ನಾನು ನುಣುಪು ಬೆಣಚುಕಲ್ಲು ಹೆಕ್ಕಿದ್ದು ಭದ್ರಾ ನದಿಯಲ್ಲಿ. ಪುಸ್ತಕ ಹೇಳಿದ್ದು ಎಲುಬು ಮಾತ್ರ. ಮಾಂಸ ನಾನು ಹಾಕಿದ್ದು.

ಸಣ್ಣ ಅಕ್ಷರದಲ್ಲಿ ಇಬ್ಬರು ಮುದುಕರು

ಎರಡನೇ ಸಲ ಓದುವಾಗ ಕಥೆ ಬಿಟ್ಟು ಹೆಸರುಗಳನ್ನು ನೋಡತೊಡಗಿದೆ. ಇಂಥ ಪುಸ್ತಕಗಳ ರುಚಿ ಇರುವುದೇ ಅಲ್ಲಿ. ಒಂದು ಕಂತಿನಲ್ಲಿ ಸಾಕ್ಷಿ ಹೇಳುವ ಪುಟ್ಟ ಹುಡುಗಿ ಯಾರು ಅಂದರೆ ಜೋಡಿ ಫಾಸ್ಟರ್. ಇನ್ನೊಂದರಲ್ಲಿ ಹ್ಯಾರಿಸನ್ ಫೋರ್ಡ್, ‘ಸ್ಟಾರ್ ವಾರ್ಸ್’ಗೆ ಇನ್ನೂ ಮೂರು ವರ್ಷ ಇತ್ತು. ಕೇನ್ ಪಾತ್ರ ಮಾಡಿದ ಡೇವಿಡ್ ಕ್ಯಾರಡೀನ್ ಅವರ ಸ್ವಂತ ಅಪ್ಪ ಜಾನ್ ಕ್ಯಾರಡೀನ್ ಕುರುಡು ಪಾದ್ರಿಯಾಗಿ ಬರುತ್ತಾರೆ. ಇದೆಲ್ಲ ಬಾಯಿ ಚಪ್ಪರಿಸುವ ವಿಷಯ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಬ್ಬರು ಗುರುಗಳು. ಪುಸ್ತಕದಿಂದ ಶುರುವಾಗಿ ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಕುರುಡು ಗುರು ಪೋ ಆದವರು ಕೀ ಲ್ಯೂಕ್. ಹುಟ್ಟಿದ್ದು 1904ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ಬೆಳೆದದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಮೊದಲು ಚಿತ್ರ ಬರೆಯುತ್ತಿದ್ದರು, ಸಿನಿಮಾ ಜಾಹೀರಾತಿಗೆ. 1930ರ ದಶಕದಲ್ಲಿ ಚಾರ್ಲಿ ಚಾನ್ ಎಂಬ ಚೀನೀ ಪತ್ತೇದಾರನ ಸಿನಿಮಾಗಳು ಬಂದವು. ಅದರಲ್ಲಿ ಹಿರಿಯ ಮಗನ ಪಾತ್ರ ಇವರದು. ಅಪ್ಪ ಚಾರ್ಲಿ ಚಾನ್ ಆದವರು ವಾರ್ನರ್ ಓಲಂಡ್, ಸ್ವೀಡನ್ನಿನಲ್ಲಿ ಹುಟ್ಟಿದ ಬಿಳಿಯರು. ಅಲ್ಲಿ ಬಿಳಿಯ ಅಪ್ಪನಿಗೆ ಚೀನೀ ಮಗ. ಸುಮಾರು 40 ವರ್ಷ ಕಳೆದ ಮೇಲೆ ‘ಕುಂಗ್ ಫೂ’ನಲ್ಲಿ ಚೀನೀ ಗುರು, ದೊಡ್ಡವನಾದ ಶಿಷ್ಯ ಬಿಳಿಯ ಕ್ಯಾರಡೀನ್. ಅಪ್ಪನಾಗಿಯೂ ಬಿಳಿಯನೇ ಸಿಕ್ಕ, ಶಿಷ್ಯನಾಗಿಯೂ ಬಿಳಿಯನೇ ಸಿಕ್ಕ. ಮಧ್ಯದಲ್ಲಿ ಒಬ್ಬ ಮನುಷ್ಯನ ಇಡೀ ಜೀವಮಾನ ಕಳೆಯಿತು. ಇನ್ನೊಂದು ಇದೆ. 1940ರಲ್ಲಿ ‘ದಿ ಗ್ರೀನ್ ಹಾರ್ನೆಟ್’ ಸರಣಿಯಲ್ಲಿ ನಾಯಕನ ಸಹಾಯಕ ಕೇಟೋ ಆಗಿ ನಟಿಸಿದ್ದು ಇದೇ ಕೀ ಲ್ಯೂಕ್. 1966ರಲ್ಲಿ ಅದು ಟಿವಿಗೆ ಬಂದಾಗ ಕೇಟೋ ಆದದ್ದು ಬ್ರೂಸ್ ಲೀ.

ಮಠದ ಮುಖ್ಯಸ್ಥ ಮಾಸ್ಟರ್ ಕಾನ್ ಆದವರು ಫಿಲಿಪ್ ಆನ್. ಇವರು ಚೀನಾದವರೇ ಅಲ್ಲ. ಕೊರಿಯಾದವರ ಮಗ, ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ ಆನ್ ಚಾಂಗ್-ಹೊ ಕೊರಿಯಾದ ಸ್ವಾತಂತ್ರ್ಯ ಹೋರಾಟದ ದೊಡ್ಡ ಹೆಸರು. ಜಪಾನೀಯರ ಸೆರೆಮನೆಯಲ್ಲಿ ನರಳಿ 1938ರಲ್ಲಿ ತೀರಿಕೊಂಡವರು. ಎರಡನೇ ಮಹಾಯುದ್ಧದ ಕಾಲಕ್ಕೆ ಹಾಲಿವುಡ್ ಆ ಮಗನಿಗೆ ಯಾವ ಪಾತ್ರ ಕೊಟ್ಟಿತು ಗೊತ್ತಾ? ಕ್ರೂರ ಜಪಾನೀ ಸೇನಾಧಿಕಾರಿ. ಒಂದಲ್ಲ, ಮತ್ತೆ ಮತ್ತೆ. ಜನ ತನ್ನನ್ನು ನೋಡಿ ಜಪಾನೀಯರನ್ನು ದ್ವೇಷಿಸಲಿ ಅಂತ ಅವರು ಆ ಪಾತ್ರಗಳನ್ನು ಒಪ್ಪಿದರೋ, ಹೊಟ್ಟೆಪಾಡಿಗೋ, ಎರಡಕ್ಕೂ ಇರಬಹುದು. ಮೂವತ್ತು ವರ್ಷ ಹಾಗೆ ದುಡಿದ ಮೇಲೆ ಅವರಿಗೆ ಸಿಕ್ಕಿದ್ದು ಅಂಗೈಯಲ್ಲಿ ಕಲ್ಲು ಹಿಡಿದು ಕೂರುವ ಆ ಗುರುವಿನ ಪಾತ್ರ.

ಕೈಪಿಡಿಯ ತಾರಾಗಣದಲ್ಲಿ ಇವರಿಬ್ಬರಿಗೂ ಒಂದೊಂದು ಸಾಲು. ಕಂತಿಗೊಂದು ಸಾಲು. ನಾನು ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಾ ಹೋದೆ.

ಹೇಳದೇ ಬಿಟ್ಟದ್ದು ಯಾರ ಕಥೆ?

‘ಕುಂಗ್ ಫೂ’ ಅಂದ ಕೂಡಲೇ ಜಗಳವೂ ಬರುತ್ತದೆ. ನಿಮಗೂ ಗೊತ್ತಿರುತ್ತದೆ: ಇದು ಬ್ರೂಸ್ ಲೀಯ ಕಲ್ಪನೆ, ಅವರಿಂದ ಕದ್ದು ಕ್ಯಾರಡೀನ್‌ಗೆ ಕೊಟ್ಟರು ಅಂತ. ಅವರ ಹೆಂಡತಿ ಲಿಂಡಾ ಬರೆದ ನೆನಪುಗಳಲ್ಲೂ ಆ ಕಲ್ಪನೆ ಬ್ರೂಸ್ ಲೀಯದೇ ಅನ್ನುವ ಮಾತಿದೆ. ತೆರೆಯ ಮೇಲೆ ಬರುವ ಹೆಸರು ಮಾತ್ರ ಎಡ್ ಸ್ಪೀಲ್‌ಮನ್. ಬ್ರೂಕ್ಲಿನ್ನಿನ ಯಹೂದಿ ಹುಡುಗ, ಚೀನಾದ ಹುಚ್ಚು ಹತ್ತಿಸಿಕೊಂಡವರು. ಗೆಳೆಯ ಹೊವರ್ಡ್ ಫ್ರೀಡ್‌ಲ್ಯಾಂಡರ್ ಜೊತೆ ಸೇರಿ 1960ರ ದಶಕದ ಕೊನೆಗೆ ಇದನ್ನು ಸಿನಿಮಾ ಕಥೆಯಾಗಿ ಬರೆದಿದ್ದರು. ಸ್ಟುಡಿಯೊ ಕೊಂಡು, ಬದಿಗಿಟ್ಟು, ಆಮೇಲೆ ಟಿವಿಗೆ ತಂದಿತು. ಬ್ರೂಸ್ ಲೀ ಹತ್ತಿರ ‘ದಿ ವಾರಿಯರ್’ ಅನ್ನುವ ತನ್ನದೇ ಒಂದು ಯೋಚನೆ ಇದ್ದದ್ದೂ ನಿಜ. ಅದು 2019ರಲ್ಲಿ, ಮಗಳು ಶಾನನ್ ಲೀ ನಿಂತು ಮಾಡಿಸಿದ ಮೇಲೆ, ತೆರೆಗೆ ಬಂತು. ಹಾಗಾಗಿ ಕದ್ದರು ಅನ್ನುವ ಮಾತಿಗೆ ನಾನು ಕೈ ಎತ್ತುವುದಿಲ್ಲ. ಆದರೆ ಪಾತ್ರ ಕೊಡಲಿಲ್ಲ ಅನ್ನುವುದು ಬೇರೆಯೇ ಮಾತು, ಅದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಬ್ರೂಸ್ ಲೀ ಹೆಸರು ಪರಿಶೀಲನೆಯಲ್ಲಿ ಇತ್ತು. ಕೊನೆಗೆ ಆಯ್ಕೆಯಾದದ್ದು ಕುಂಗ್ ಫೂ ಗೊತ್ತೇ ಇಲ್ಲದ ಕ್ಯಾರಡೀನ್. ಅವರಿಗೆ ಬರುತ್ತಿದ್ದದ್ದು ನೃತ್ಯ. ಹೊಡೆದಾಟ ತೋರಿಸಲು ಸ್ಲೋ ಮೋಷನ್ ಇತ್ತು, ಹೇಳಿಕೊಡಲು ಡೇವಿಡ್ ಚೌ, ಆಮೇಲೆ ಕಾಮ್ ಯುಯೆನ್ ಇದ್ದರು.

1971ರ ಡಿಸೆಂಬರಿನಲ್ಲಿ ಪಿಯರ್ ಬರ್ಟನ್ ಎಂಬ ಕೆನಡಾದ ಪತ್ರಕರ್ತರು ಹಾಂಗ್‌ಕಾಂಗಿನಲ್ಲಿ ಬ್ರೂಸ್ ಲೀಯನ್ನು ಮಾತಾಡಿಸಿದ್ದಾರೆ. ಚೀನೀ ಮುಖ ಅಂತ ಅಮೆರಿಕದಲ್ಲಿ ಅಡ್ಡಿ ಬಂತಾ ಅಂತ ಕೇಳುತ್ತಾರೆ. ಬ್ರೂಸ್ ಲೀ ಕೂಗಾಡುವುದಿಲ್ಲ. ವ್ಯಾಪಾರದ ಲೆಕ್ಕದಲ್ಲಿ ಅದು ಅಪಾಯ ಅಂತ ಹಾಲಿವುಡ್ಡಿನವರಿಗೆ ಅನಿಸುತ್ತದೆ, ಅವರನ್ನು ದೂರುವುದಿಲ್ಲ, ಇಲ್ಲಿ ಒಬ್ಬ ವಿದೇಶಿ ಬಂದು ಸ್ಟಾರ್ ಆಗುತ್ತೇನೆ ಅಂದರೆ ದುಡ್ಡು ಹಾಕುವ ನನಗೂ ಹಾಗೇ ಅನಿಸುತ್ತಿತ್ತು ಅನ್ನುತ್ತಾರೆ. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಸಮಾಧಾನ ನನಗೆ ಕೇನ್‌ನ ಸಮಾಧಾನಕ್ಕಿಂತ ನಿಜ ಅನಿಸುತ್ತದೆ. ಮುಖದಲ್ಲಿ ನಗು ಇದೆ, ಕಣ್ಣು ಮಾತ್ರ ನಗುತ್ತಿಲ್ಲ. ಪಟ್ಟಿಯ ಕೊನೆಗೆ ಇನ್ನೊಂದು ಕೊಕ್ಕೆ ಇದೆ. 1986ರಲ್ಲಿ ‘ಕುಂಗ್ ಫೂ’ ಹೆಸರಲ್ಲಿ ಮತ್ತೊಂದು ಟಿವಿ ಸಿನಿಮಾ ಬಂತು. ಅದರಲ್ಲಿ ಕೇನ್‌ನ ಮಗನಾಗಿ ನಟಿಸಿದ್ದು ಬ್ರ್ಯಾಂಡನ್ ಲೀ, ಬ್ರೂಸ್ ಲೀ ಮಗ. ಪಾತ್ರ ಸಿಗದವರ ಮಗ, ಪಾತ್ರ ಸಿಕ್ಕವರಿಗೆ ಮಗನಾದ.

ಕೈಪಿಡಿ ಬರೆಯುವವರು ಪ್ರೀತಿಯಿಂದ ಬರೆಯುತ್ತಾರೆ. ಪ್ರೀತಿ ಇಲ್ಲದೆ 60 ಕಂತಿನ ಕಥೆಯನ್ನು ಯಾರೂ ಬರೆದುಕೊಳ್ಳುವುದಿಲ್ಲ. ಅದೇ ಅದರ ಸೊಗಸು, ಅದೇ ಅದರ ತೊಡಕು. ಪ್ರೀತಿ ಮಾಡುವವರು ಜಗಲಿಯ ಮೇಲೆ ನಿಂತು ಹೇಳುವಾಗ ಯಾವುದನ್ನು ಎತ್ತಿ ಹೇಳುತ್ತಾರೋ ಅದೇ ಕೇಳುವವರ ಪಾಲಿಗೆ ಕಥೆ. ನಾನು ಪುಸ್ತಕವೊಂದನ್ನೇ ಓದಿಕೊಂಡಿದ್ದಾಗ ಕೇನ್‌ನ ಮುಖ ಬಿಳಿಯರದ್ದು ಅನ್ನುವುದು ನನಗೆ ಒಂದು ಸಲವೂ ಚುಚ್ಚಿರಲಿಲ್ಲ. ತಲೆಯಲ್ಲಿ ನಾನು ಕೊಟ್ಟಿದ್ದ ಮುಖವೇ ಬೇರೆ.

ಕೊನೆಗೂ ನೋಡಿದ್ದು

2004ರಲ್ಲಿ ಡಿವಿಡಿ ಬಂತು. ಲೈಬ್ರರಿಯಿಂದ ತಂದು ಒಂದು ಚಳಿಗಾಲದ ಶನಿವಾರ ಕೂತೆ. ಮೊದಲ ಅರ್ಧ ಗಂಟೆ ಬರೀ ಬೇಜಾರು. ಎಷ್ಟು ನಿಧಾನ! ಎಲ್ಲಾ ಗುಡ್ಡವೂ ಒಂದೇ ಗುಡ್ಡ. ಹೊಡೆದಾಟ ನೀರಿನೊಳಗೆ ನಡೆದ ಹಾಗೆ. ನನ್ನ ತಲೆಯಲ್ಲಿ ಸ್ಲೋ ಮೋಷನ್ ಇರಲೇ ಇಲ್ಲ, ಮಾವನ ಬಾಯಿಯ ಸದ್ದಿನ ವೇಗದಲ್ಲಿ ಎಲ್ಲಾ ನಡೆಯುತ್ತಿತ್ತು. ಹುಲಿಗೆ ಕಾದ ಹಾಗೆ ಮತ್ತೆ ಕಾಯುವುದಾಯಿತಲ್ಲ ಅನಿಸಿ ಕಾಫಿ ಮಾಡಲು ಎದ್ದೆ.

ಅಡುಗೆಮನೆಯಲ್ಲಿ ಇದ್ದಾಗ ಕೀ ಲ್ಯೂಕ್ ದನಿ ಕೇಳಿಸಿತು. ಹಾಲು ಒಲೆ ಮೇಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತೆ. ಪುಟ್ಟ ಹುಡುಗ, ಮುದಿ ಗುರು. ಕಣ್ಣಿಲ್ಲದೆ ಬದುಕುವುದು ಕಷ್ಟ ಅಲ್ವಾ ಅನ್ನುವ ಅರ್ಥದಲ್ಲಿ ಹುಡುಗ ಏನೋ ಹೇಳಿದ್ದಾನೆ. ಕಣ್ಣು ಮುಚ್ಚು, ಏನು ಕೇಳಿಸುತ್ತದೆ ಅನ್ನುತ್ತಾರೆ ಗುರು. ನೀರು, ಹಕ್ಕಿ ಅನ್ನುತ್ತಾನೆ. ನಿನ್ನ ಎದೆ ಬಡಿತ ಕೇಳಿಸುತ್ತಾ? ಇಲ್ಲ. ನಿನ್ನ ಕಾಲ ಬಳಿ ಇರುವ ಮಿಡತೆ? ಹುಡುಗ ಕಣ್ಣು ಬಿಟ್ಟು ನೋಡಿದರೆ ಮಿಡತೆ ಇದೆ. ನಿಮಗೆ ಇದೆಲ್ಲ ಹೇಗೆ ಕೇಳಿಸುತ್ತದೆ ಅಂತ ಅವನು ಕೇಳಿದರೆ, ನಿನಗೆ ಹೇಗೆ ಕೇಳಿಸುವುದಿಲ್ಲ ಅಂತ ಅವರು ಕೇಳುತ್ತಾರೆ. ಇಷ್ಟೂ ನನಗೆ ಬಾಯಿಪಾಠವಾಗಿದ್ದ ಮಾತು. ಆದರೆ ಆ ಪ್ರಶ್ನೆಯಲ್ಲಿ ಚೂರೂ ಗುರುವಿನ ಗತ್ತಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ ಹಾಗಿದೆ. ಒಬ್ಬ ಅಜ್ಜ ಮೊಮ್ಮಗನನ್ನು ಚುಡಾಯಿಸಿದ ಹಾಗೆಯೂ ಇದೆ. ಆಫೀಸಿನ ಆ ಹಿರಿಯರು ಕಣ್ಣು ಅರ್ಧ ಮುಚ್ಚಿ ಮಾಡಿದ್ದು ಇದರ ಅಣಕ. ನನಗೆ ಐದು ವರ್ಷ ತಡವಾಗಿ ಗೊತ್ತಾಯಿತು. ಹಾಲು ಉಕ್ಕಿ ಒಲೆ ಪೂರ್ತಿ ಆಯಿತು.

ಆಮೇಲೆ ಮೂರು ಸೀಸನ್ನೂ ನೋಡಿದೆ. ಕೆಲವು ಕಂತು ಈಗ ನೋಡಲು ಆಗುವುದಿಲ್ಲ, ಉಪದೇಶ ಜಾಸ್ತಿ. ಮೊದಲ ಸಿನಿಮಾಕ್ಕೆ ಬೋಳಿಸಿದ ತಲೆಯನ್ನು ಕ್ಯಾರಡೀನ್ ಮತ್ತೆ ಬೋಳಿಸಲಿಲ್ಲ. ಹಾಗಾಗಿ ಸೀಸನ್ನುಗಳ ಉದ್ದಕ್ಕೂ ಕೇನ್‌ನ ಕೂದಲು ಬೆಳೆಯುತ್ತಾ ಹೋಗುವುದು ಕಾಣುತ್ತದೆ. ಅದು ನನಗೆ ಇಷ್ಟ. ಕಡೆಗೆ 1975ರಲ್ಲಿ ನಾಲ್ಕು ಕಂತು ಸಾಲಾಗಿ ಬಂದು, ಡ್ಯಾನಿ ಸಿಕ್ಕೇಬಿಡುತ್ತಾನೆ. ಪುಸ್ತಕದಲ್ಲಿ ಓದಿದಾಗ ಕಣ್ಣಲ್ಲಿ ನೀರು ಬಂದಿತ್ತು. ನೋಡುವಾಗ ಬರಲಿಲ್ಲ. ಸಿಗುತ್ತಾನೆ ಅಂತ ಗೊತ್ತಿದ್ದದ್ದರಿಂದ ಇರಬೇಕು. ಅಥವಾ ನನ್ನ ಡ್ಯಾನಿ ಬೇರೆ ಥರ ಇದ್ದದ್ದರಿಂದಲೂ ಇರಬಹುದು.

ಹೋದ ವರ್ಷ ಊರಿಗೆ ಹೋದಾಗ ಸಣ್ಣಮಾವನಿಗೆ ತೋರಿಸಿದೆ. ಅವನಿಗೆ ಈಗ ಎಪ್ಪತ್ತು ದಾಟಿದೆ, ಮೊಣಕಾಲು ನೋವು, ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಇಂಗ್ಲಿಷ್ ಅಷ್ಟು ಬರುವುದಿಲ್ಲ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಮೊದಲ ಟಿವಿ ಸಿನಿಮಾ ಹಾಕಿದೆ. ‘ಏನಂತಿದಾನೋ ಇವ್ನು?’ ಅಂತ ಮಾವ ಕೇಳುತ್ತಾನೆ, ನಾನು ಹೇಳುತ್ತೇನೆ. ಮಕ್ಕಳು ಮಠದ ಬಾಗಿಲ ಹೊರಗೆ ಮಳೆಯಲ್ಲಿ ಕಾಯುವ ಕಡೆ ನಾನು, ‘ಮೂರು ದಿನದಿಂದ ಊಟ ಇಲ್ಲ ಮಾವ’ ಅಂದೆ. ಹಾಗೆ ಅಂತ ತೆರೆಯ ಮೇಲೆ ಯಾರೂ ಹೇಳಿರಲಿಲ್ಲ. ‘ಪಾಪ’ ಅಂದ ಮಾವ. ಹಿರಿಯರು ಕುಡಿಯುವ ಮೊದಲು ಚಹಾ ಮುಟ್ಟದ ಹುಡುಗನನ್ನು ನೋಡಿ, ‘ಒಳ್ಳೇ ಮನೆ ಹುಡ್ಗ’ ಅಂತ ತಲೆದೂಗಿದ. ಡ್ಯಾನಿ ಈ ಸಿನಿಮಾದಲ್ಲಿ ಬರುವುದೇ ಇಲ್ಲ, ಆದರೂ ಅಲ್ಲೇ ದೂರದಲ್ಲಿ ನಡೆದುಹೋದ ಒಬ್ಬನನ್ನು ತೋರಿಸಿ ಇವನೇ ಅಣ್ಣ ಇರಬಹುದು ಅಂದುಬಿಟ್ಟೆ. ಯಾಕೆ ಅಂದೆನೋ. ಮಾವ ಕುರ್ಚಿ ಮುಂದೆ ಎಳೆದುಕೊಂಡ.

ಕೊನೆಯ ಪರೀಕ್ಷೆ ಬಂತು. ಕೆಂಡ ತುಂಬಿದ ಕಬ್ಬಿಣದ ಕೊಪ್ಪರಿಗೆ ದಾರಿಗೆ ಅಡ್ಡ ಇದೆ. ಕೇನ್ ಎರಡು ಮುಂಗೈಯಿಂದ ತಬ್ಬಿ ಎತ್ತಿ ಸರಿಸುತ್ತಾನೆ. ಚರ್ಮ ಸುಟ್ಟು ಹೊಗೆ ಬರುತ್ತದೆ. ಹೊರಗೆ ಹಿಮದಲ್ಲಿ ಕೈ ಊರುತ್ತಾನೆ. ಕೊಪ್ಪರಿಗೆಯ ಮೇಲಿನ ಅಚ್ಚು ಈಗ ಕೈ ಮೇಲೆ ಇದೆ: ಒಂದರಲ್ಲಿ ಡ್ರ್ಯಾಗನ್, ಒಂದರಲ್ಲಿ ಹುಲಿ.

ಮಾವ ಕನ್ನಡಕ ಸರಿ ಮಾಡಿಕೊಂಡು ಲ್ಯಾಪ್‌ಟಾಪಿನ ಹತ್ತಿರಕ್ಕೆ ಬಗ್ಗಿದ. ನನ್ನ ತೋಳಿಗೆ ಒಂದು ಪೆಟ್ಟು ಕೊಟ್ಟ.

‘ನೋಡ್ದಾ? ಹುಲಿ ಐತೆ ಅಂತ ಅವತ್ತೇ ಹೇಳಿರ್ಲಿಲ್ವಾ ನಾನು?’